ಸುಲ್ತಾನ್ ಬೀ ಹಾಕಿದ ಗಟ್ಟಿ ಹೊಲಿಗೆ

೧

ಎಲ್ಲಿಂದ ಶುರು ಮಾಡಲಿ? ಯುದ್ಧದಿಂದ ಮಾಡಿ ನೋಡಿದೆ: "೧೯೪೩. ಜಗತ್ತು ಹೊತ್ತಿ ಉರಿಯುತ್ತಿತ್ತು." ಮದ್ದೂರಿನಲ್ಲಿ ಏನೂ ಉರಿಯುತ್ತಿರಲಿಲ್ಲ. ಕಾಗದ ಸಿಗುತ್ತಿರಲಿಲ್ಲ, ಅಷ್ಟೇ. ಆ ಡ್ರಾಫ್ಟನ್ನು ಹರಿದು ಹಾಕಿದೆ. (ಕಾಗದದ ಬರದ ಕಥೆ ಬರೆಯುವವನು ಹೀಗೆ ಕಾಗದ ಹರಿಯಬಾರದು. ಗೊತ್ತು.)

೨

ಹಾಗಾದರೆ ಪುಸ್ತಕದಿಂದಲೇ. ಆತಗೂರಿನ ಚಲುವಮ್ಮ ತನ್ನ ಮೊಮ್ಮಗಳು ಮುದ್ದಮ್ಮನ ಅಕ್ಷರದ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಮದ್ದೂರಿಗೆ ಬಂದಳು. ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು, ಹೊಸದು ಯಾವ ಅಂಗಡಿಯಲ್ಲೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಬೈಂಡಿಂಗ್ ಕೆಲಸವನ್ನು ತಾನೇ ನಡೆಸುತ್ತಿದ್ದ ಸುಲ್ತಾನ್ ಬೀ ಅವನ್ನು ತಟ್ಟಿ ಜೋಡಿಸಿದಳು.

"ಗಟ್ಟಿಯಾಗಿ ದಾರ ಆಕಕ್ಕ. ಮುದ್ದಮ್ಮುಂದಾದ್ಮೇಲೆ ಅವಳ ತಂಗೀನೂ ಓದ್ಬೇಕು."

"ಎತ್ತು ಕಟ್ಟಿ ಎಳುದ್ರೂ ಕಿತ್ಕೊಳಾಕಿಲ್ಲ, ಬುಡು."

ಏಳು ತೂತು ಕೊರೆದು, ದಪ್ಪ ದಾರ ಬಿಗಿದು, ರಟ್ಟು ಅಂಟಿಸಿದಳು. ಇಬ್ಬರಿಗೂ ಓದು ಬಾರದು. ಇಬ್ಬರಿಗೂ ಪುಸ್ತಕವೆಂದರೆ ಅಪಾರ ಗೌರವ.

೩ (ಒಂದು ವರ್ಷ ಹಾರಿಸಿದ್ದೇನೆ)

ಚಲುವಮ್ಮ ಮತ್ತೆ ಬಂದಳು, ಈ ಸಲ ಮೊಮ್ಮಗಳ ಜೊತೆಗೆ.

"ಇವಳ ತಲೆಗೆ ಅತ್ತಾಕಿಲ್ವಂತೆ. ಸ್ಕೂಲು ಬುಡ್ಸಿ ಅಂದ್ರು ಮೇಷ್ಟ್ರು. ನೀ ಆಕಿದ್ ದಾರ ಮಾತ್ರ ಒಂದೆಳೆ ಜಗ್ಗಿಲ್ಲ ನೋಡಕ್ಕ. ತಂಗೀಗಾಯ್ತದೆ."

ಸುಲ್ತಾನ್ ಬೀ ಹಿಗ್ಗಿದಳು. "ಎಲ್ಲಿ, ಓದು ಮಗ" ಎಂದು ಪುಸ್ತಕವನ್ನು ಮುದ್ದಮ್ಮನಿಗೇ ಕೊಟ್ಟಳು.

ಮಗು ಎರಡೂ ಕೈಯಿಂದ ಅದನ್ನು ಅಗಲಿಸಿ ಹಿಡಿಯಿತು. "ಬೆಟ್ಟು ಮಡಗಿ ಓದು ಅಂತಾರೆ ಮೇಷ್ಟ್ರು" ಎಂದು, ಬೆರಳಿಡಲು ಒಂದು ಕೈ ಬಿಟ್ಟಿತು. ಪುಸ್ತಕ ಟಪ್ಪನೆ ಮುಚ್ಚಿಕೊಂಡಿತು. ಮಗು ಮತ್ತೆ ತೆರೆಯಿತು. ಪುಸ್ತಕ ಮತ್ತೆ ಮುಚ್ಚಿಕೊಂಡಿತು.

ವರ್ಷವಿಡೀ ಹೀಗೇ ನಡೆದಿದೆಯೆಂದು, ತನ್ನ ಬಿಗಿ ಹೊಲಿಗೆಯೇ ಮಗುವನ್ನು ಓದಗೊಡಲಿಲ್ಲವೆಂದು ಸುಲ್ತಾನ್ ಬೀಗೆ ಹೊಳೆಯಿತು. (ಮೇಷ್ಟ್ರು ಯಾಕೆ ನೋಡಲಿಲ್ಲ? ಐವತ್ತು ಮಕ್ಕಳು, ಒಬ್ಬ ಮೇಷ್ಟ್ರು. ಎರಡನೇ ಡ್ರಾಫ್ಟಿನ ತನಕ ನಾನೂ ನೋಡಿರಲಿಲ್ಲ.)

೫

ನಾಲ್ಕನೆಯ ಭಾಗದಲ್ಲಿ ಸುಲ್ತಾನ್ ಬೀಯನ್ನು ಗೊಳೋ ಎಂದು ಅಳಿಸಿದ್ದೆ. ಅವಳೇ ಆ ಭಾಗವನ್ನು ಕಿತ್ತು ಹಾಕಿದಳು.

"ನಾನೆಲ್ಲಿ ಅತ್ನಪ್ಪ? ಅಳ್ಬೇಕಾದ್ದು ಆ ಮಗ. ನಂಗೆ ಕತ್ರಿ ಕೊಡು."

ಕೊಟ್ಟೆ. ಪುಸ್ತಕದ ಏಳು ತೂತಿನ ಹೊಲಿಗೆಯನ್ನೂ ಬಿಚ್ಚಿದಳು.

ಈಗ ಮುಗಿಸಬೇಕು. ಮುದ್ದಮ್ಮ ಮತ್ತೆ ಸ್ಕೂಲಿಗೆ ಸೇರಿ, ಮಂಡ್ಯದಲ್ಲಿ ಟೀಚರಾಗುತ್ತಾಳೆ. (ಓದುಗರೇ, ನಿಮಗೂ ನನಗೂ ಇದೇ ಬೇಕು. ಅದಕ್ಕೇ ಅನುಮಾನ.) ಅಥವಾ ಮಳವಳ್ಳಿಗೆ ಮದುವೆಯಾಗಿ ಹೋಗಿ, ಸಾಯುವ ತನಕ ತಾನು ದಡ್ಡಿಯೆಂದೇ ನಂಬಿರುತ್ತಾಳೆ. ಇದನ್ನು ಬರೆಯುವಾಗ ಸುಲ್ತಾನ್ ಬೀ ನನ್ನ ಕೈ ಹಿಡಿದಳು.

"ನೀನ್ಯಾಕಪ್ಪ ಬಿಗೀತೀಯ? ನಾನು ಬಿಗ್ದಿದ್ದು ಸಾಲ್ದಾ?"

ಅದಕ್ಕೇ ಕೊನೆಯನ್ನು ಬಿಗಿಯದೆ ಬಿಟ್ಟಿದ್ದೇನೆ. ಬಿಚ್ಚಿದ ಪುಸ್ತಕದ ಹಾಳೆಗಳು ಜಗಲಿಯ ಮೇಲೆ ಹರಡಿವೆ. ಗಾಳಿಗೆ ಹಾರದಂತೆ ಸುಲ್ತಾನ್ ಬೀ ಅಂಚಿಗೆ ಕಲ್ಲಿಟ್ಟಿದ್ದಾಳೆ. ಆದರೂ ಮುದ್ದಮ್ಮ ಹಾಳೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದು ಕೂತಿದ್ದಾಳೆ.

"ಕೈ ಬುಡು ಮಗ. ಅದು ಮುಚ್ಕೊಳಾಕಿಲ್ಲ."

ಮಗು ಇನ್ನೂ ಬಿಟ್ಟಿಲ್ಲ.