ಮಾಯೋ, ಟಾಟಾ

ವರ್ಷಕ್ಕೊಮ್ಮೆ, ಫೆಬ್ರವರಿ ಹದಿನಾರರ ಮಧ್ಯಾಹ್ನ, ಬೆಳ್ಳಾರೆ ಪೇಟೆಯ ಹಿಂದಿನ ಓಣಿಯಲ್ಲಿರುವ ಅಚ್ಚುತ ಮಾಸ್ತರರ ಮನೆಯಲ್ಲಿ ಒಂದು ಊಟದ ಎಲೆ ಹೆಚ್ಚು ಬೀಳುತ್ತಿತ್ತು. ಅದು ಊರ್ಮಿಳಾಳ ಎಲೆ. ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಇದ್ದಿದ್ದರೆ ಈಗ ನಲವತ್ತೆಂಟು. ಎಲೆ ಮಾತ್ರ ಬೆಳೆಯಲಿಲ್ಲ. ಇಂದಿಗೂ ಅದು ಬಾಳೆಯ ತುದಿಯ ಒಂದು ಗೇಣು, ಅದರ ಮೇಲೆ ಬೀಳುವ ಅನ್ನವೂ ಒಂದೇ ಮುಷ್ಟಿ.

ಬಡಿಸುವ ಕ್ರಮ ಊರಿನದೇ. ಒಳಕೋಣೆಯಲ್ಲಿ ದೀಪ ಹಚ್ಚಿ, ಮಣೆಯ ಮುಂದೆ ಎಲೆ ಹಾಕಿ, ಬಡಿಸಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಮೂರು ಸಲ ಬಡಿದು, ಒಳಗೆ ಹೋಗಿ ಎಲೆ ತೆಗೆಯಬೇಕು. ಇಷ್ಟು ಎಲ್ಲ ಮನೆಗಳಲ್ಲಿಯೂ ನಡೆಯುವಂಥದ್ದೇ. ಆದರೆ ಬಾಗಿಲೆಳೆಯುವ ಮುನ್ನ ಈ ಮನೆಯಲ್ಲಿ ಮಾತ್ರ ಒಂದು ಹಾಡು ಕೇಳಿಬರುತ್ತಿತ್ತು. ಕನ್ನಡವೋ ತುಳುವೋ ಅರೆಭಾಷೆಯೋ ಎಂದು ಕಿವಿಗೊಟ್ಟ ನೆರೆಯವರು ಸೋತು ಸುಮ್ಮನಾಗಿದ್ದರು. ಅದು ಆಫ್ರಿಕದ ಜಾಂಬಿಯಾ ದೇಶದಲ್ಲಿ ಬೆಂಬಾ ಜನ ಹಾಡಿದ ಸಾವಿನ ಹಾಡು.

ಅಚ್ಚುತ ಮಾಸ್ತರರು ಆ ದೇಶದ ಕಸಾಮಾ ಎಂಬ ಊರಿಗೆ ಗಣಿತ ಕಲಿಸಲು ಹೋದದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಕೊನೆಯಲ್ಲಿ; ಜೊತೆಗೆ ಹೆಂಡತಿ ರಾಜೀವಿ, ಕಂಕುಳಲ್ಲಿ ಊರ್ಮಿಳಾ. ಮೊದಲ ಸಂಬಳದಲ್ಲಿ ಅವರು ಕೊಂಡದ್ದು ಒಂದು ಟೇಪ್ ರೆಕಾರ್ಡರ್. ಶಾಲೆಯಲ್ಲಿ ಇಂಗ್ಲಿಷು, ಸಂತೆಯಲ್ಲಿ ಬೆರಳು. ಬೆಂಬಾ ನುಡಿಯನ್ನು ಕಲಿಯುವ ತಾಳ್ಮೆ ಅವರಿಗಿರಲಿಲ್ಲ. ಆ ನುಡಿಯ ಹಾಡುಗಳನ್ನು ಹಿಡಿದಿಡುವ ಆಸೆ ಮಾತ್ರ ಬೆಟ್ಟದಷ್ಟಿತ್ತು. ರಾಗಿ ಕುಟ್ಟುವಾಗಿನ ಹಾಡು, ಮದುವೆಯ ಮುನ್ನ ಹುಡುಗಿಗೆ ಬಾಳುವೆ ಕಲಿಸುವ ಹಾಡು. ನೆರೆಯ ಮುದುಕನೊಬ್ಬ ‘ಕಲುಂಬು’ ನುಡಿಸುತ್ತಿದ್ದ: ಒಂದೇ ತಂತಿಯ ಬಿಲ್ಲು, ಅದಕ್ಕೆ ಕಟ್ಟಿದ ಸೋರೆಬುರುಡೆ. ಬುರುಡೆಯ ಬಾಯನ್ನು ಎದೆಗೆ ಒತ್ತಿದರೆ ದನಿ ಮುಚ್ಚಿಕೊಳ್ಳುತ್ತಿತ್ತು, ಸರಿಸಿದರೆ ತೆರೆದುಕೊಳ್ಳುತ್ತಿತ್ತು. ಎದೆಯೇ ವಾದ್ಯದ ಇನ್ನೊಂದು ಪಾಲು. ‘ಇಂಗೋಮಾ’ ಎಂಬ ಮರದ ಡೋಲನ್ನು ಬಾರಿಸುವ ಮೊದಲು ಬೆಂಕಿಯ ಹತ್ತಿರ ಹಿಡಿದು ಚರ್ಮ ಬಿಗಿಯಾಗಿಸುತ್ತಿದ್ದರು. ನಮ್ಮ ತುಳು ವೀರಗಾಥೆಗಳಾದ ಪಾಡ್ದನಕ್ಕೆ ಬಾರಿಸುವ ತೆಂಬರೆಯೆಂಬ ಚರ್ಮವಾದ್ಯವನ್ನೂ ಹೀಗೇ ಕಾಯಿಸುತ್ತಾರೆಂದು ಮಾಸ್ತರರು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಎರಡು ನಾಡಿನ ಹಾಡುಗಳನ್ನು ಎದುರುಬದುರು ಕೂರಿಸಿ ಒಂದು ಪುಸ್ತಕ ಮಾಡಬೇಕೆಂಬುದು ಅವರ ಕನಸು.

ನಾಲ್ಕನೆಯ ತಿಂಗಳಲ್ಲಿ ತಾಯಿಗೂ ಮಗಳಿಗೂ ಒಟ್ಟಿಗೇ ಮಲೇರಿಯಾ ಬಂತು. ಒಂದೇ ಆಸ್ಪತ್ರೆ, ನಡುವೆ ಒಂದು ಗೋಡೆ. ಮಗು ಎರಡು ದಿನ ಸುಟ್ಟು, ಮೂರನೆಯ ದಿನ ಬೆಳಿಗ್ಗೆ ತಣ್ಣಗಾಯಿತು. ರಾಜೀವಿಗೆ ಆಗ ಅರೆಪ್ರಜ್ಞೆ. ಎಬ್ಬಿಸಿ ಹೇಳಬಹುದಿತ್ತು, ಮಾಸ್ತರರು ಬೇಡವೆಂದರು. ನೆರೆಯ ಹೆಂಗಸರು ಬಂದು ಮಗುವನ್ನು ಮೀಯಿಸಿ, ಮನೆಯಂಗಳದಲ್ಲಿ ಮಲಗಿಸಿ, ಇಂಗೋಮಾ ಕಾಯಿಸಿ ಹಾಡತೊಡಗಿದರು. ಸತ್ತವರೇ ಮಾತಾಡುವ ಹಾಗೆ ಹಾಡುವುದು ಆ ಕೇರಿಯ ರೂಢಿ. ಸಾಲುಗಳನ್ನು ಅಲ್ಲೇ, ಆ ಗಳಿಗೆಗೇ ಕಟ್ಟುತ್ತಿದ್ದರು. ಮಾಸ್ತರರು ಒಳಗೆ ಹೋಗಿ ಟೇಪ್ ರೆಕಾರ್ಡರ್ ತಂದರು. ರಾಜೀವಿಗೆ ಕೇಳಿಸಲಿಕ್ಕೆ ಎಂದು ತಮಗೆ ತಾವೇ ಹೇಳಿಕೊಂಡರು. ಹಾಗಿದ್ದೂ, ಡೋಲಿನ ದನಿ ಸರಿಯಾಗಿ ಬೀಳುತ್ತಿಲ್ಲವೆಂದು ಎರಡು ಹೆಜ್ಜೆ ಮುಂದೆ ಸರಿದದ್ದು ಅವರಿಗೆ ಇವತ್ತಿಗೂ ನೆನಪಿದೆ. ರಾಗ ಅಷ್ಟು ಚೆನ್ನಾಗಿತ್ತು. ಗುಂಡಿಯವರೆಗೆ ಮಗುವನ್ನು ಬೇರೆ ಯಾರೋ ಎತ್ತಿಕೊಂಡು ಹೋದರು.

ಮರುದಿನ ಶಾಲೆಯ ಹೆಡ್‌ಮಾಸ್ತರರು ಹಾಡಿನ ಮೊದಲ ಸಾಲಿನ ಅರ್ಥ ಹೇಳಿದರು. ‘ಮಾಯೋ’ ಎಂದರೆ ಅಮ್ಮ. ‘ಅಮ್ಮಾ, ಕರೆದೆ, ಕರೆದೆ, ನೀನೇಕೆ ಬರಲಿಲ್ಲ?’ ಮುಂದಿನ ಸಾಲುಗಳನ್ನು ಕೇಳುವ ಧೈರ್ಯ ಮಾಸ್ತರರಿಗೆ ಬರಲಿಲ್ಲ.

ಎಂಟನೆಯ ದಿನ ರಾಜೀವಿ ಎದ್ದು ಕೂತು ಕೇಳಿದ್ದು ಎರಡೇ ಮಾತು. ಮೊದಲನೆಯದು, “ನನ್ನನ್ನು ಕೇಳಿದ್ಲಾ?”

“ಇಲ್ಲ,” ಎಂದರು ಮಾಸ್ತರರು. “ನಿದ್ದೆಯಲ್ಲೇ ಹೋದಳು.”

ಎರಡನೆಯದು, ಟೇಪು ಕೇಳಿದ ಮೇಲೆ: “ಮಾಯೋ ಮಾಯೋ ಅಂತಾರಲ್ಲ, ಎಂತ ಅದು?”

“ನಮ್ಮಲ್ಲಿ ಹೇಳುವ ಹಾಗೇ. ಮಾಯ ಆದಳು ಅಂತ.”

ರಾಜೀವಿ ಅದನ್ನು ಒಪ್ಪಿಕೊಂಡಳು. ಪಾಡ್ದನದ ವೀರರು ಸಾಯುವುದಿಲ್ಲ, ಮಾಯವಾಗುತ್ತಾರೆ. ಮಾಯವಾದವರು ಕರೆದರೆ ಬರುತ್ತಾರೆ, ಬಡಿಸಿದರೆ ಉಣ್ಣುತ್ತಾರೆ. ಹಾಡಿನ ನಡುವೆ ‘ಟಾಟಾ’ ಎಂಬ ಮಾತು ಮೂರು ಸಲ ಬರುತ್ತಿತ್ತು. ಅದರ ಅರ್ಥವನ್ನು ಇಬ್ಬರೂ ಯಾರನ್ನೂ ಕೇಳಲಿಲ್ಲ. ಊರ್ಮಿಳಾ ಕಲಿತ ಕೊನೆಯ ಆಟವೇ ಅದಾಗಿತ್ತು: ಲಾರಿಗೆ ಟಾಟಾ, ಕೋಳಿಗೆ ಟಾಟಾ, ಮುಳುಗುವ ಸೂರ್ಯನಿಗೂ ಟಾಟಾ. ಕೇರಿಯ ಹೆಂಗಸರು ಅವಳ ಮಾತಿನಲ್ಲೇ ಅವಳನ್ನು ಬೀಳ್ಕೊಟ್ಟರೆಂದು ಇಬ್ಬರೂ ನಂಬಿದರು. ಮಾಯವಾದೆ, ಟಾಟಾ. ಇದಕ್ಕಿಂತ ಮೆತ್ತನೆಯ ಚರಮಗೀತೆ ಯಾವ ಕವಿಗೆ ಸಾಧ್ಯ?

ಕಸಾಮಾ ಬಿಟ್ಟು ಹೊರಡುವ ದಿನ ಕಲುಂಬುವಿನ ಮುದುಕ ಆ ಡೋಲನ್ನೇ ರಾಜೀವಿಯ ಮಡಿಲಿಗಿಟ್ಟ. ಮತ್ತೆ ಮಕ್ಕಳಾಗಲಿಲ್ಲ. ಮಾಸ್ತರರು ಊರಿನ ಕಾಲೇಜಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದರು. ರಾಜೀವಿ ಪೇಟೆಯಲ್ಲಿ ಹೊಲಿಗೆಯಂಗಡಿ ಇಟ್ಟು ಊರಿನ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದಳು. ಡೋಲಿನ ಚರ್ಮ ಹರಿದಾಗ ಕಡಬದಲ್ಲಿ ಡೋಲು ಕಟ್ಟುವ ದೇವದಾಸ ಆಡಿನ ಚರ್ಮ ಹೊದಿಸಿಕೊಟ್ಟ. ಪುಸ್ತಕವನ್ನು ಮಾಸ್ತರರು ಬರೆಯಲೇ ಇಲ್ಲ.

ಹೀಗೆ ನಲವತ್ತೈದು ವರ್ಷ ಕಳೆದವು. ಸುಳ್ಳೊಂದು ಅಷ್ಟು ವರ್ಷ ಮನೆಯಲ್ಲಿದ್ದರೆ ಅದೂ ಮನೆಯವರಲ್ಲಿ ಒಬ್ಬನಾಗಿಬಿಡುತ್ತದೆ.

ಈ ವರ್ಷ ಕ್ಯಾಸೆಟ್ಟು ಕೈಕೊಟ್ಟಿತು. ಮಾಸ್ತರರ ತಮ್ಮನ ಮೊಮ್ಮಗಳು ಭವಿತಾ ಇವರ ಮನೆಯಲ್ಲೇ ಇದ್ದುಕೊಂಡು ಸುಳ್ಯಕ್ಕೆ ಬಸ್ಸಿನಲ್ಲಿ ಹೋಗಿ ನರ್ಸಿಂಗ್ ಓದುತ್ತಿದ್ದಳು. ಅವಳೇ ಪುತ್ತೂರಿನ ರಿಪೇರಿಯಂಗಡಿಯ ಸುಲೈಮಾನನ ಹತ್ತಿರ ಕ್ಯಾಸೆಟ್ಟನ್ನು ಒಯ್ದು, ಹಾಡನ್ನು ತೊಳೆಸಿದಂತೆ ಸ್ವಚ್ಛ ಮಾಡಿಸಿ ತನ್ನ ಮೊಬೈಲಿಗೆ ಹಾಕಿಸಿಕೊಂಡು ಬಂದಳು. ಹದಿನಾರರ ಬೆಳಿಗ್ಗೆ ಚಾ ಕುಡಿಯುತ್ತ ಅವಳು ಇನ್ನೊಂದು ಸುದ್ದಿ ಹೇಳಿದಳು.

“ಅಜ್ಜಿ, ಇವತ್ತು ಊಟಕ್ಕೆ ನನ್ನ ಕ್ಲಾಸಿನವಳೊಬ್ಬಳು ಬರ್ತಾಳೆ. ಮುಟಾಲೆ ಅಂತ. ಎಲ್ಲಿಯವಳು ಹೇಳಿ ನೋಡುವ?”

“ಮಡಿಕೇರಿಯಾ?”

“ಜಾಂಬಿಯಾ! ಕಸಾಮಾದ ಹತ್ತಿರವೇ ಅಂತೆ. ಹಾಡಿನ ಅರ್ಥ ಪೂರ್ತಿ ಹೇಳ್ತಾಳೆ.”

ಮಾಸ್ತರರು ಚಾದ ಲೋಟವನ್ನು ಕೆಳಗಿಟ್ಟರು.

“ಅರ್ಥ ನಮಗೆ ಗೊತ್ತುಂಟು,” ಎಂದರು.

“ನಿಮಗೆ ಗೊತ್ತುಂಟು ಮಾರಾಯ್ರೆ,” ಎಂದಳು ರಾಜೀವಿ. “ನನಗೆ ಗೊತ್ತಿರುವುದು ಎರಡೇ ಶಬ್ದ. ಬರಲಿ ಹೆಣ್ಣು. ನಮ್ಮ ಮಗು ಮಲಗಿದ ಮಣ್ಣಿನಿಂದ ಬರುವವಳು.”

ಮಾಸ್ತರರು ಭವಿತಾಳ ಜೊತೆ ಹನ್ನೊಂದು ಗಂಟೆಗೇ ಬಸ್‌ಸ್ಟ್ಯಾಂಡಿನಲ್ಲಿ ನಿಂತರು. ಸುಳ್ಯದ ಬಸ್ಸಿನಿಂದ ಮುಟಾಲೆ ಇಳಿದಳು. ಎತ್ತರದ, ನಗುಮುಖದ ಹುಡುಗಿ. ಭವಿತಾ ಬಾಳೆಹಣ್ಣು ತರಲು ಅಂಗಡಿಗೆ ಹೋದ ಐದು ನಿಮಿಷದಲ್ಲಿ ಅವರು ತಮ್ಮ ಹಳೆಯ ಇಂಗ್ಲಿಷಿನಲ್ಲಿ ವಿಷಯ ಮುಗಿಸಬೇಕಾಗಿತ್ತು. ಹಾಡಿನಲ್ಲಿ ‘ಮಾಯೋ’ ಎಂದು ಬರುತ್ತದೆ. ನನ್ನ ಹೆಂಡತಿ ಕೇಳಿದರೆ ಅದರ ಅರ್ಥ ‘ಕಣ್ಮರೆಯಾದಳು’ ಎಂದು ಹೇಳಬೇಕು.

“ಆದರೆ ಸರ್, ಮಾಯೋ ಎಂದರೆ ಅಮ್ಮ. ಅದು ಎಲ್ಲರಿಗೂ ಗೊತ್ತು.”

“ಅಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಒಬ್ಬಳಿಗೆ ಗೊತ್ತಾಗಬಾರದು. ಅವಳಿಗೆ ಎಪ್ಪತ್ತು ವರ್ಷ.”

ಮುಟಾಲೆ ನೆಲ ನೋಡಿದಳು. “ಆ ಒಂದು ಶಬ್ದಕ್ಕೆ ಮಾತ್ರ, ಸರ್,” ಎಂದಳು. “ಹಾಡನ್ನು ನಾನು ಒಮ್ಮೆ ಕೇಳಬಹುದೇ?” ಮೊಬೈಲು ಭವಿತಾಳ ಕೈಯಲ್ಲಿತ್ತು, ಭವಿತಾ ಹಣ್ಣಿನ ಗೊನೆಯೊಂದಿಗೆ ಎದುರೇ ಬರುತ್ತಿದ್ದಳು. “ಬೇಡ, ಮತ್ತೆಲ್ಲ ಸಾಧಾರಣ ಮಾತು,” ಎಂದರು ಮಾಸ್ತರರು.

ಮುಟಾಲೆಯ ಕನ್ನಡ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತದ್ದು. ಮೆಟ್ಟಿಲು ಹತ್ತುತ್ತಲೇ ರಾಜೀವಿಗೆ ಕೈಮುಗಿದು, “ಅಜ್ಜಿ, ಎಲ್ಲಿ ನೋವು ಉಂಟು? ರಾತ್ರಿ ನಿದ್ದೆ ಬಂತಾ? ಹೊಟ್ಟೆ ಸರಿ ಹೋಯ್ತಾ?” ಎಂದಳು.

ರಾಜೀವಿ ಬಾಯ್ತುಂಬ ನಕ್ಕಳು. “ಎಲ್ಲ ಕಡೆ ನೋವು ಉಂಟು ಮಗಾ, ಹೊಟ್ಟೆ ಮಾತ್ರ ಸರಿ ಉಂಟು. ಇಂಜೆಕ್ಷನ್ ಕೊಡ್ಬೇಡ, ಕೂತ್ಕೋ.” ಮಾಸ್ತರರಿಗೂ ಒಂದು ಗಳಿಗೆ ಉಸಿರು ಸಡಿಲಾಯಿತು.

ಒಳಕೋಣೆಯಲ್ಲಿ ಎಲೆ ಬಿತ್ತು. ರಾಜೀವಿ ಒಲೆಯ ಕೆಂಡದ ಮೇಲೆ ಇಂಗೋಮಾ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿದಳು. ಬೆರಳಿನಿಂದ ತಟ್ಟಿ, ದನಿ ಏರಿದ್ದು ಗೊತ್ತಾದ ಮೇಲೆ ತಂದು ತೊಡೆಗಳ ನಡುವೆ ಇಟ್ಟುಕೊಂಡಳು. ಮುಟಾಲೆ ಬೆರಗಿನಿಂದ ನೋಡಿದಳು. “ನನ್ನ ಅಜ್ಜಿ ಹೀಗೇ,” ಎಂದಳು.

ಭವಿತಾ ಹಾಡು ಹಾಕಿ ಫೋನನ್ನು ಅಜ್ಜನ ಕೈಗೆ ಕೊಟ್ಟು ನೀರು ತರಲು ಹೋದಳು. ಹಾಡು ಹಿಂದೆಂದೂ ಇಷ್ಟು ನಿಚ್ಚಳವಾಗಿ ಕೇಳಿರಲಿಲ್ಲ. ಎಂದೋ ಸತ್ತ ಹೆಂಗಸರ ಉಸಿರು ಕೂಡ ಕೇಳುತ್ತಿತ್ತು. ರಾಜೀವಿಯ ಬೆರಳುಗಳು ಹಾಡಿನ ತಾಳಕ್ಕೆ ಸರಿಯಾಗಿ ಕೂತವು. ಮುಟಾಲೆಯ ಮುಖದ ನಗು ಮೆಲ್ಲನೆ ಇಳಿಯಿತು.

ಹಾಡು ಮುಗಿಯಿತು. “ಮಾಯೋ ಅಂದ್ರೆ?” ಎಂದಳು ರಾಜೀವಿ.

ಮುಟಾಲೆ ಮಾಸ್ತರರ ಕಡೆ ನೋಡದೆಯೇ ಹೇಳಿದಳು. “ಮಾಯೋ ಅಂದ್ರೆ... ಹೋಯ್ತು. ಈಗ ಇಲ್ಲ.”

“ಹಾಂ. ಅದೇ. ಮತ್ತೆ ಟಾಟಾ ಅಂದ್ರೆ ನಮ್ಮ ಹಾಗೇ ಅಲ್ವಾ? ಕೈ ಬೀಸುದು?”

ಮುಟಾಲೆ ಈಗ ಮಾಸ್ತರರ ಕಡೆ ನೋಡಿದಳು. ಅವರು ನಿರಾಳವಾಗಿ ತಲೆಯಾಡಿಸಿದರು. ಅಪಾಯದ ಶಬ್ದ ದಾಟಿಹೋಗಿತ್ತು. ಇದು ಮಗುವಿನ ಆಟದ ಮಾತು. ಹೇಳು, ಎಂದು ಕಣ್ಣಲ್ಲೇ ಸೂಚಿಸಿದರು.

“ಕೈ ಬೀಸುದು ಅಲ್ಲ, ಅಜ್ಜಿ,” ಎಂದಳು ಹುಡುಗಿ. “ಟಾಟಾ ಅಂದ್ರೆ ಅಪ್ಪ. ಮಗು ಹೇಳುದು. ‘ಅಪ್ಪಾ, ಆ ಪೆಟ್ಟಿಗೆ ಕೆಳಗೆ ಇಡು. ಅಪ್ಪಾ, ಪೆಟ್ಟಿಗೆ ಇಡು, ನನ್ನನ್ನು ಎತ್ತಿಕೋ.’ ಪೆಟ್ಟಿಗೆ ಯಾವುದು, ನನಗೆ ಗೊತ್ತಿಲ್ಲ.”

ಕೋಣೆಯಲ್ಲಿ ದೀಪದ ಬತ್ತಿ ಚಟಗುಟ್ಟಿತು. ಪೆಟ್ಟಿಗೆ ಯಾವುದೆಂದು ಇಬ್ಬರಿಗೆ ಗೊತ್ತಿತ್ತು. ಆ ಹೆಂಗಸರು ಅಂದು ಕಣ್ಣೀರಿನ ನಡುವೆಯೂ ಟೇಪ್ ರೆಕಾರ್ಡರ್ ಹಿಡಿದ ಮಾಸ್ತರರನ್ನು ನೋಡುತ್ತಿದ್ದರು. ಅವರೆದುರೇ ಅವರ ಮೇಲೆ ಹಾಡು ಕಟ್ಟಿದ್ದರು. ಆ ಸಾಲನ್ನು ಮಾಸ್ತರರು ಎರಡು ಹೆಜ್ಜೆ ಮುಂದೆ ಸರಿದು ಜೋಪಾನವಾಗಿ ಹಿಡಿದುಕೊಂಡು, ವರ್ಷ ವರ್ಷವೂ ಮಗಳ ಎಲೆಯ ಮುಂದೆ ಕೇಳಿಸಿದ್ದರು.

ಆದರೆ ರಾಜೀವಿ ಪೆಟ್ಟಿಗೆಯ ಹತ್ತಿರ ನಿಲ್ಲಲಿಲ್ಲ. ಅವಳ ಲೆಕ್ಕ ಅದನ್ನು ದಾಟಿ ಮುಂದೆ ಹೋಗಿತ್ತು.

“ಟಾಟಾ ಅಂದ್ರೆ ಅಪ್ಪ,” ಎಂದಳು ತನ್ನಷ್ಟಕ್ಕೆ. “ಹಾಗಾದ್ರೆ ನಿಮ್ಮಲ್ಲಿ ಅಮ್ಮನನ್ನು ಎಂತ ಅಂತ ಕರೆಯುದು ಮಗಾ?”

ಮುಟಾಲೆಯ ಕಣ್ಣು ತುಂಬಿಕೊಂಡಿತು.

“ಬೇಡ, ಹೇಳ್ಬೇಡ. ನಿನ್ನ ಕೈಯಲ್ಲಿ ಸುಳ್ಳು ಹೇಳಿಸಿದವರು ಇಲ್ಲೇ ಇದ್ದಾರೆ.” ರಾಜೀವಿ ಗಂಡನ ಕಡೆ ತಿರುಗಿದಳು. ದನಿ ಏರಿರಲಿಲ್ಲ. “ನನ್ನನ್ನು ಕೇಳಲಿಲ್ಲ ಅಂದಿದ್ರಿ.”

“ಅದು ಆ ಹೆಂಗಸರು ಕಟ್ಟಿದ ಹಾಡು ಮಾರಾಯ್ತಿ. ಮಗು ಹೇಳಿದ್ದಲ್ಲ.”

“ಹಾಡು ಇರಲಿ. ಮಗು ಕೇಳಿತಾ, ಇಲ್ವಾ?”

ಎರಡು ರಾತ್ರಿ ಮಗು ಕರೆದಿತ್ತು, ಗೋಡೆಯ ಈಚೆಯಿಂದ, ಮೊದಲು ಅಳುತ್ತ, ಆಮೇಲೆ ಅಳಲಾರದೆ. “ಕೇಳಿದಳು,” ಎಂದರು ಮಾಸ್ತರರು.

“ಎಷ್ಟು ಸಲ?”

ಮಾಸ್ತರರು ಫೋನನ್ನು ಕೈಯಲ್ಲಿ ತಿರುಗಿಸಿದರು.

“ಲೆಕ್ಕದ ಮಾಸ್ತ್ರು ನೀವು.”

“ನಿನಗೆ ನೋವಾಗಬಾರದು ಅಂತ...”

“ನೋವು!” ಎಂದಳು ರಾಜೀವಿ. “ಹೆತ್ತ ಮಗು ಸಾಯುವಾಗ ನನ್ನನ್ನು ನೆನೆಯಲಿಲ್ಲವಲ್ಲ, ನಾನು ಅದಕ್ಕೆ ಯಾರೂ ಅಲ್ಲದವಳಾದೆನಲ್ಲ ಅಂತ ನಲವತ್ತೈದು ವರ್ಷ ಒಬ್ಬಳೇ ಹೊಲಿಗೆ ಮೆಷಿನ್ ತುಳಿದೆ. ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಅದು ನನ್ನನ್ನು ಕರೆಯುತ್ತಲೇ ಇತ್ತು, ವರ್ಷ ವರ್ಷ, ಈ ಕೋಣೆಯಲ್ಲೇ. ನಾನು ಕೇಳಿ, ತಾಳ ಹಾಕಿ, ಬಾಗಿಲೆಳೆದು ಹೊರಗೆ ಹೋದೆ.”

ನೀರಿನ ಚೊಂಬು ಹಿಡಿದು ಬಂದ ಭವಿತಾ ಹೊಸ್ತಿಲಲ್ಲೇ ನಿಂತಳು. “ಅಜ್ಜೀ, ಎಂತಾಯ್ತು?”

“ಎಂತ ಇಲ್ಲ. ಆ ಹುಡುಗಿಯನ್ನು ಕರ್ಕೊಂಡು ಹೋಗಿ ಬಡಿಸು, ಬಿಸಿಲಲ್ಲಿ ಬಂದಿದ್ದಾಳೆ. ನೀವೂ ಹೊರಡಿ.”

ಎಲ್ಲರೂ ಹೊರಬಂದರು. ಕ್ರಮದಂತೆ ರಾಜೀವಿಯೂ ಬರಬೇಕಿತ್ತು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.

“ಅಜ್ಜ, ಒಳಗೆ ಇರಬಾರದಲ್ಲ?” ಎಂದು ಭವಿತಾ ಪಿಸುಗುಟ್ಟಿದಳು. ಅವರು ಬಾಗಿಲ ಮುಂದೆಯೇ ನಿಂತರು.

ಒಳಗೆ ಡೋಲು ಶುರುವಾಯಿತು. ಕ್ಯಾಸೆಟ್ಟಿನ ತಾಳವಲ್ಲ ಅದು. ಗದ್ದೆಯಲ್ಲಿ ನೇಜಿ ನೆಡಲು ಬಗ್ಗಿದ ಹೆಂಗಸರು ಒಬ್ಬರು ಕೂಗಿ ಇನ್ನೊಬ್ಬರು ಓಗೊಡುವಾಗಿನ ನಿಧಾನದ ತಾಳ. ಅದರ ಮೇಲೆ ರಾಜೀವಿಯ ದನಿ, ಸವೆದ, ಒಡೆದ ದನಿ. “ಮಾಯೋ” ಎಂದು ಮಗುವಿನಂತೆ ತಾನೇ ಕರೆಯುತ್ತಿದ್ದಳು. “ಬಂದೆ ಮಗಾ, ಬಂದೆ” ಎಂದು ತಾನೇ ಓಗೊಡುತ್ತಿದ್ದಳು. ಕರೆ, ಓ. ಕರೆ, ಓ. ಎಷ್ಟು ಸಲವೆಂದು ಮಾಸ್ತರರು ಈ ಬಾರಿ ಎಣಿಸತೊಡಗಿದರು. ನೂರರ ಹತ್ತಿರ ತಪ್ಪಿಹೋಯಿತು.

ಅಡುಗೆಮನೆಯಲ್ಲಿ ಹುಡುಗಿಯರು ಉಣ್ಣದೆ ಕೂತಿದ್ದರು. ಪುತ್ತೂರಿನ ಬಸ್ಸು ಹಾರ್ನ್ ಹಾಕಿ ಹೋಯಿತು, ಸುಳ್ಯದ ಬಸ್ಸು ಬಂತು. ಡೋಲಿನ ಚರ್ಮ ತಣ್ಣಗಾಗಿ ದನಿ ಸಡಿಲವಾಗುತ್ತ ಬಂದು ಕೊನೆಗೆ ಕೈ ಬಿದ್ದ ಸದ್ದಷ್ಟೇ ಉಳಿಯಿತು. ಆಮೇಲೆ ಅದೂ ನಿಂತಿತು. ಮಾಸ್ತರರು ಬಲಗೈಯಲ್ಲಿದ್ದ ಫೋನನ್ನು ಎಡಗೈಗೆ ಸಾಗಿಸಿ, ಬಾಗಿಲಿಗೆ ಮೂರು ಸಲ ಬಡಿದರು.

“ಮಗು ಉಣ್ತಾ ಉಂಟು,” ಎಂದಿತು ಒಳಗಿನ ದನಿ. “ನೀವು ಹೊರಗೆ ಇರಿ.”