ಉಪಗೃಹ

ತಾರಾಲಯದ ಫಲಕಗಳನ್ನು ಬರೆಯುವವಳು ನಾನು. ಅವತ್ತು ನನ್ನ ಗ್ರಹಚಾರ, ರ ಒತ್ತು ಹಾಕುವಲ್ಲಿ ವಟ್ರಸುಳಿ ಹಾಕಿ ‘ಉಪಗ್ರಹ’ವನ್ನು ‘ಉಪಗೃಹ’ ಮಾಡಿಬಿಟ್ಟಿದ್ದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಮ್ಮಾ, ಗುರುಗ್ರಹಕ್ಕೆ ಔಟ್‌ಹೌಸ್ ಕಟ್ಟಿಸ್ತಿದೀಯಾ?”

“ನಾಳೆ ತಿದ್ತೀನಿ ಸಾರ್.”

“ನಾಳೆ ನೀನೆಲ್ಲಿರ್ತೀಯಾ? ಸಂಚಾರಿ ತಾರಾಲಯದ ವ್ಯಾನು ಬೆಳಿಗ್ಗೆ ಹೊರಡುತ್ತೆ. ಊರೂರಲ್ಲಿ ವಿವರಣೆ ಹೇಳೋಕೆ ನೀನೇ ಆಗಬೇಕು. ಸಂಜೆ ಫೋನ್ ಮಾಡ್ತೀನಿ, ಹ್ಞೂಂ ಅಂದ್ರೆ ಸಾಕು.”

ಒಂದು ಹ್ಞೂಂ! ದಾರಿಯುದ್ದಕ್ಕೂ ಅದನ್ನೇ ಅಂದುಕೊಳ್ಳುತ್ತಾ ಮನೆಗೆ ಬಂದೆ.

ಮನೆ ಎಂದರೆ ಅಣ್ಣನ ಮನೆ. ಅತ್ತಿಗೆಯ ಬಾಣಂತನಕ್ಕೆಂದು ನಾಲ್ಕು ದಿನದ ಮಟ್ಟಿಗೆ ಬಂದವಳು ನಾನು. ಆ ಮಗು ಈಗ ಶಾಲೆಗೆ ಹೋಗುತ್ತದೆ. ನನ್ನ ಹಾಸಿಗೆ ಊಟದ ಮೇಜಿನ ಪಕ್ಕ. ಎಲ್ಲರೂ ಉಂಡ ಮೇಲೆ ಬಿಚ್ಚಬೇಕು, ಎಲ್ಲರೂ ಏಳುವ ಮೊದಲು ಸುತ್ತಿಡಬೇಕು.

ಫಲಕದಲ್ಲಿ ನಾನೇ ಬರೆದಿದ್ದೆ: ದೊಡ್ಡ ಚಂದ್ರಗಳು ತಮ್ಮ ಸೆಳೆತಕ್ಕೆ ತಾವೇ ದುಂಡಗಾಗುತ್ತವೆ, ಬಹುಪಾಲು ತಮ್ಮ ಗ್ರಹದ ಸುತ್ತಲಿನ ಧೂಳಿನಲ್ಲೇ ಹುಟ್ಟಿದವು. ನಮ್ಮ ಚಂದ್ರ ಡಿಕ್ಕಿಯೊಂದರ ಚೂರುಗಳಿಂದ ಆದದ್ದು. ಆಲೂಗಡ್ಡೆಯಂತೆ ಸೊಟ್ಟಗಿರುವ ಪುಟ್ಟವು ಎಷ್ಟೋ ಸಲ ಬೇರೆಲ್ಲಿಗೋ ಹೊರಟಿದ್ದವು, ಹತ್ತಿರ ಸುಳಿದು ಸೆರೆಸಿಕ್ಕವು. ನಾನು ಯಾವ ಗುಂಪಿನವಳು ಎಂದು ಬಿಡಿಸಿ ಹೇಳಬೇಕೇ?

ಮಗುವಿಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಅಣ್ಣ ನನ್ನ ಫೋನನ್ನು ಕೆಳಗಿಡುತ್ತಿದ್ದ.

“ನಿಮ್ಮ ಸಾಹೇಬ್ರು. ಅವಳಿಗೆ ಆಗಲ್ಲ ಅಂತ ಹೇಳಿಬಿಟ್ಟೆ. ಊರೂರು ಅಲೆಯೋ ಕರ್ಮ ನಿನಗ್ಯಾಕೆ ಪುಟ್ಟಿ? ಇಲ್ಲೇನು ಕಮ್ಮಿ ಮಾಡಿದೀವಿ?”

ಮೈಯೆಲ್ಲ ಉರಿದುಹೋಯಿತು. ಅವನ ದನಿಯಲ್ಲಿದ್ದದ್ದು ಪ್ರೀತಿಯೇ, ಹಾಳಾದ್ದು! ಬೈದಿದ್ದರೆ ಜಗಳವಾಡಿ ಹೊರಟುಬಿಡಬಹುದಿತ್ತು.

“ನನ್ನನ್ನೊಂದು ಮಾತು ಕೇಳಬೇಕಿತ್ತು!” ಎಂದು ಫೋನು ಎತ್ತಿಕೊಂಡೆ. ಬೆರಳು ಸಾಹೇಬರ ನಂಬರಿನ ಮೇಲಿತ್ತು.

“ಪುಟ್ಟೀ, ಹಾಲು ಉಕ್ತಿದೆ!” ಕೋಣೆಯಿಂದ ಅತ್ತಿಗೆ ಕೂಗಿದಳು.

ಯಾರೂ ತಳ್ಳಲಿಲ್ಲ. ನನ್ನ ಕಾಲುಗಳೇ ಅಡುಗೆಮನೆಗೆ ಓಡಿದವು. ಒಲೆ ಆರಿಸಿದೆ, ಚೆಲ್ಲಿದ್ದನ್ನು ಒರೆಸಿದೆ, ಮಗುವಿನ ಲೋಟಕ್ಕೆ ಹಾಲು ಬಗ್ಗಿಸಿದೆ. ನಾನು ಹೋದರೆ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚಿಸಿದವಳು ನಾನೇ, ಅಣ್ಣ ಹೇಳಿಕೊಟ್ಟದ್ದಲ್ಲ. ಫೋನು ಸಕ್ಕರೆ ಡಬ್ಬಿಯ ಪಕ್ಕ ಹಾಗೇ ಬಿದ್ದಿತ್ತು.

ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ವ್ಯಾನು ನಿಲ್ಲುವ ಜಾಗ ಖಾಲಿಯಿತ್ತು. ಸಾಹೇಬರು ಬಣ್ಣದ ಡಬ್ಬಿ ತಂದಿಟ್ಟು, “ಆ ಔಟ್‌ಹೌಸ್ ಕೆಡವಮ್ಮಾ,” ಎಂದರು.

ಕುಂಚ ಅದ್ದಿದೆ. ಒಂದು ವಟ್ರಸುಳಿ ಅಳಿಸಿ ಒಂದು ಒತ್ತು ಹಾಕಿದರೆ ಮುಗಿಯಿತು. ಕೈಯೇ ಏಳಲಿಲ್ಲ.

“ಇದರಲ್ಲಿ ತಪ್ಪೇನಿದೆ ಸಾರ್?” ಎಂದೆ.

ಈ ಸಲ ಅವರು ನಗಲಿಲ್ಲ.