ಉತ್ತರ ಕೊಡದ ಜಾಣ

ಕನ್ನಡಕದಂಗಡಿಯ ಯಜಮಾನನಿಗೆ ತನ್ನ ನೆರಳಿನ ಮೇಲೂ ಅನುಮಾನ. ‘ನಿಮ್ಮ ವೆಬ್‌ಸೈಟಿನ ಹೆಸರನ್ನು ಬೇರೆ ಕಂಪನಿಗೆ ವರ್ಗಾಯಿಸಲು ಕೋರಿಕೆ ಬಂದಿದೆ, ಬೇಡವಾದರೆ ಇಲ್ಲಿ ಒತ್ತಿ’ ಎಂಬ ಮೇಲ್ ಬಂದಾಗ ಮೀಸೆಯಡಿಯಲ್ಲೇ ನಕ್ಕ. ಒತ್ತಿದರೆ ಬ್ಯಾಂಕ್ ಖಾತೆ ಗುಡಿಸಿ ಗುಂಡಾಂತರವೇ! ಅಳಿಸಿಹಾಕಿದ.

ವಾರ ಕಳೆದು ಸೈಟ್ ತೆರೆದರೆ, ಅಲ್ಲಿ ಎದುರಂಗಡಿಯ ಕನ್ನಡಕಗಳು ಮಿನುಗುತ್ತಿದ್ದವು. ಸೀದಾ ಹೋಗಿ, ಮೊದಲು ಸೈಟ್ ನೋಡಿಕೊಳ್ಳುತ್ತಿದ್ದ ಭಾವಮೈದುನನ ಕೊರಳಪಟ್ಟಿ ಹಿಡಿದ.

"ವರ್ಗಾವಣೆಯ ಗುಟ್ಟಿನ ಕೋಡ್ ನಿನ್ನ ಹತ್ರ ತಾನೇ ಇದ್ದದ್ದು?"

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅದನ್ನ ಕಿತ್ಕೊಂಡು ಹೊಸ ಕಂಪ್ಯೂಟರಿನವನಿಗೆ ಕೊಟ್ಟಿದ್ದು ನೀವೇ, ಭಾವ. ಅವನು ಎದುರಂಗಡಿಗೆ ಮಾರ್ಕೊಂಡ. ಆದ್ರೂ ಸೈಟಿನ ಹೆಸರು ನೋಂದಾಯಿಸಿದ ಕಂಪನಿಯವರು ನಿಮಗೆ ಮೇಲ್ ಕಳಿಸಿರ್ತಾರಲ್ಲ? ಬೇಡ ಅಂದಿದ್ರೆ ಅಲ್ಲೇ ನಿಲ್ತಿತ್ತು. ಉತ್ತರ ಬರದಿದ್ರೆ ಒಪ್ಪಿಗೆ ಅಂತಲೇ ಅವರ ನಿಯಮ."

ಯಜಮಾನ ಕಣ್ಣು ಕಿರಿದು ಮಾಡಿದ.

"ಅವರ ನಿಯಮ ನಿನಗೆ ಹೇಗೆ ಗೊತ್ತು?"